ಕಲ್ಲಿನ ಮೇಲೆ ಸ್ವರ್ಗ, ಕೆರೆಯ ಕೆಳಗೆ ಗದ್ದೆ

ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಕಲ್ಲು ಕ್ರಿ.ಶ. 949-50ರ ಸುಮಾರಿನದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತದ್ದನ್ನು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಅವನನ್ನು ಕೊಂದವನು ಗಂಗ ಬೂತುಗನೆಂಬುದನ್ನು ಅದು ಹೇಳುತ್ತದೆ. ಆದರೆ ಕಲ್ಲು ನೆಟ್ಟದ್ದು ಅದಕ್ಕಾಗಿಯಲ್ಲ. ಆ ಕಾಳಗದಲ್ಲಿ ಕದಲದೆ ನಿಂತ ಮಣಲೇರನೆಂಬ ವೀರನಿಗೆ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಕೆಲವು ಕಾಲದ ಮೇಲೆ ಬೆಳತೂರ ಗುಡ್ಡದ ಕಡೆ ಒಂದು ದೊಡ್ಡ ಹಂದಿಯ ಮೇಲೆ ಆ ನಾಯಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಒಟ್ಟಿಗೇ ಸತ್ತವು. ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತದ್ದು ಆ ನಾಯಿಗಾಗಿ. ಅದರ ಹೆಸರಿನಲ್ಲಿ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಮಣ್ಣನ್ನು ಬಿಟ್ಟುಕೊಟ್ಟರು. ಆ ಮಣ್ಣನ್ನು ಅಳಿಸಿದವನು ಒಕ್ಕಲಾಗಿರಲಿ, ಊರನ್ನು ಆಳುವವನಾಗಿರಲಿ, ನಾಡನ್ನು ಆಳುವವನಾಗಿರಲಿ, ನಾಯಿಯ ಪಾಪ ಅವನಿಗೆ. ಅಲ್ಲಿಯ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ. ಇತಿಹಾಸಕಾರರು ಈ ಕಲ್ಲನ್ನು ಓದುವುದು ಹೆಚ್ಚಾಗಿ ತಕ್ಕೋಲಕ್ಕಾಗಿ. ನಾಯಿಯ ಕಥೆ ಬಂದಾಗ ಮುಗುಳ್ನಗುತ್ತಾರೆ. ಶಾಸನವನ್ನು ಬರೆಸಿದವರಿಗೆ ಮುಖ್ಯವಾಗಿದ್ದದ್ದು ನಾಯಿ ಮತ್ತು ಗದ್ದೆ. ಗೆದ್ದ ಅರಸನ ಮಾತು ಅಲ್ಲಿ ಪೀಠಿಕೆ ಮಾತ್ರ.

ಕನ್ನಡನಾಡಿನ ವೀರಗಲ್ಲುಗಳಲ್ಲಿ ಸಾವಿನ ಬಗ್ಗೆ ಕೊರೆದ ಮಾತುಗಳನ್ನು ಸಾಮಾನ್ಯವಾಗಿ ಓದುವ ರೀತಿ ಒಂದಿದೆ. ಹೋರಾಡಿ ಸತ್ತವನು ಸುರಲೋಕಕ್ಕೆ ಹೋದ, ಅಪ್ಸರೆಯರು ಅವನನ್ನು ವಿಮಾನದಲ್ಲಿ ಕರೆದೊಯ್ದರು, ಆದ್ದರಿಂದ ಅದು ಸಾವಿಗೆ ಅಂಜದ ಕಾಲ ಎಂಬ ಓದು ಅದು. ಶಿಲ್ಪವೂ ಈ ಓದಿಗೆ ಇಂಬು ಕೊಡುತ್ತದೆ. ಮೂರು ಪಟ್ಟಿಕೆಗಳ ಕಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರ ತೋಳಿನಲ್ಲಿ ಮೇಲೇರುವ ವೀರ, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ, ಗಳಿಗೆಯಲ್ಲಿ ಅಳಿಯುವ ಈ ಮೈಗಾಗಿ ಚಿಂತೆಯೇಕೆ ಎಂಬ ತಾತ್ಪರ್ಯದ ಒಂದು ಸಂಸ್ಕೃತ ಶ್ಲೋಕ ಕಲ್ಲಿಂದ ಕಲ್ಲಿಗೆ ಮರುಕಳಿಸುತ್ತದೆ. ಇಷ್ಟನ್ನೇ ನೋಡಿ ನಿಲ್ಲಿಸಿದರೆ ವೀರಗಲ್ಲು ಸ್ವರ್ಗದ ಜಾಹೀರಾತಿನಂತೆಯೇ ಕಾಣುತ್ತದೆ. ಶಾಸನದ ಕೊನೆಯ ಸಾಲುಗಳವರೆಗೆ ಓದಿದರೆ ಬೇರೊಂದು ಸಂಗತಿ ತೋರುತ್ತದೆ: ಅಲ್ಲಿ ಸ್ವರ್ಗದ ಮಾತು ಒಂಟಿಯಾಗಿ ಬರುವುದು ಕಡಿಮೆ, ಅದರ ಬೆನ್ನಿಗೆ ಭೂಮಿ, ಭೂಮಿಯ ಬೆನ್ನಿಗೆ ಶಾಪ. ಈ ಮೂರನ್ನೂ ಕೂಡಿಸಿ ಓದಿದಾಗ ವೀರಗಲ್ಲು ನಂಬಿಕೆಯ ದಾಖಲೆಯಷ್ಟೇ ಅಲ್ಲ, ಸಾಲದ ಪತ್ರವೂ ಹೌದು. ಊರು ಒಬ್ಬನ ಪ್ರಾಣವನ್ನು ಪಡೆದಿದೆ. ಆ ಋಣವನ್ನು ಒಪ್ಪಿಕೊಂಡು, ಯಾರಿಗೆ ಎಷ್ಟು ತೀರಿಸುತ್ತೇವೆ, ತೀರಿಸದಿದ್ದರೆ ಏನಾಗಲಿ ಎಂದು ಎಲ್ಲರಿಗೂ ಕಾಣುವಂತೆ ಬರೆದಿಟ್ಟಿದೆ. ಸ್ವರ್ಗದ ಆಸೆಗಿಂತ ನ್ಯಾಯದ ಚಿಂತೆಯೇ ಈ ಕಲ್ಲುಗಳಲ್ಲಿ ಹಳೆಯದು, ಗಟ್ಟಿಯಾದದ್ದು ಎಂಬುದು ನನ್ನ ವಾದ.

ಹಳೆಯದು ಎನ್ನಲು ಹಲ್ಮಿಡಿಯೇ ಸಾಕ್ಷಿ. ಸುಮಾರು ಕ್ರಿ.ಶ. 450ರದೆಂದು ಎಣಿಸುವ ಆ ಶಾಸನ ವೀರಗಲ್ಲಲ್ಲ, ಅದರಲ್ಲಿ ಸ್ವರ್ಗವೂ ಇಲ್ಲ. ಆದರೆ ಕಾಳಗದಲ್ಲಿ ಮೆರೆದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚಾಗಿ, ಅಂದರೆ ನೆತ್ತರು ಹತ್ತಿದ ಕತ್ತಿಯನ್ನು ತೊಳೆದು ಕೊಡುವ ಕೊಡುಗೆಯಾಗಿ, ಕೊಟ್ಟದ್ದೂ ಇದೆ, ಅದನ್ನು ಕದ್ದವನಿಗೆ ಮಹಾಪಾತಕವೆಂಬ ಎಚ್ಚರಿಕೆಯೂ ಇದೆ. ಅಂದರೆ ನಮಗೆ ಸಿಕ್ಕ ಕನ್ನಡದ ಮೊದಲ ಬರಹಗಳಲ್ಲೇ ನೆತ್ತರು, ನೆಲ, ಶಾಪಗಳ ನಂಟು ಏರ್ಪಟ್ಟಿತ್ತು. ಅಪ್ಸರೆಯರು ಆಮೇಲೆ ಬಂದು ಸೇರಿಕೊಂಡರು. ಮುಂದೆ ಕಲ್ನಾಡು, ನೆತ್ತರುಗೊಡಗೆ, ರಕ್ತಕೊಡಗಿ ಎಂದು ಹೆಸರು ಬದಲಾದರೂ ವ್ಯವಹಾರ ಬದಲಾಗಲಿಲ್ಲ. ಬೇಗೂರಿನಿಂದ ತಂದು ಅದೇ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ, ಸುಮಾರು 900ರ ದೊಡ್ಡ ವೀರಗಲ್ಲನ್ನು ನೋಡಿ. ಆನೆ ಕುದುರೆಗಳ ಇಕ್ಕಟ್ಟು, ಬಿದ್ದ ಹೆಣಗಳ ರಾಶಿ, ಇವುಗಳನ್ನು ಶಿಲ್ಪಿ ಬಿಡಿಸಿದ ಪರಿ ಅಪೂರ್ವ. ಗಂಗ ಎರೆಯಪ್ಪನ ಅಪ್ಪಣೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನೊಡನೆ ಕಾದಿ ಸತ್ತ. ಸುದ್ದಿ ತಿಳಿದ ಎರೆಯಪ್ಪ ನಾಗತ್ತರನ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಶಾಸನ ಆ ಊರುಗಳ ಹೆಸರನ್ನು ಒಂದೊಂದಾಗಿ ಎಣಿಸುತ್ತದೆ. ಸ್ವರ್ಗಕ್ಕೆ ಮೇರೆ ಗುರುತಿಸುವ ಅಗತ್ಯ ಯಾರಿಗೂ ಬೀಳಲಿಲ್ಲ, ಊರುಗಳಿಗೆ ಬಿತ್ತು. ಸ್ವರ್ಗದ ಬಗ್ಗೆ ನಾಳೆ ತಕರಾರು ಬರುವುದಿಲ್ಲ, ಊರುಗಳ ಬಗ್ಗೆ ಬರುತ್ತದೆ. ಬೇಗೂರಿನ ದೇಗುಲದ ಬಳಿ ಉಳಿದಿರುವ, ನಾಗತ್ತರನ ಮನೆಗೆ ಸಂಬಂಧಿಸಿದ ಇನ್ನೊಂದು ಕಲ್ಲಿನಲ್ಲೇ ಬೆಂಗಳೂರೆಂಬ ಹೆಸರು ಮೊದಲು ಕಾಣುವುದು. ಅದೂ ಒಂದು ಸಾವಿನ ಮಾತು, ಬೆಂಗಳೂರ ಕಾಳಗದಲ್ಲಿ ಮಡಿದವನ ಮಾತು. ರಾಜಧಾನಿಯ ಹುಟ್ಟುಪತ್ರ ಹುಡುಕುವವರು ಓದುವುದು ಒಬ್ಬನ ಮರಣಪತ್ರವನ್ನು.

ಶಾಪದ ಭಾಗವನ್ನು ವಿದ್ವಾಂಸರು ಸಾಮಾನ್ಯವಾಗಿ ದಾಟಿಬಿಡುತ್ತಾರೆ, ಏಕೆಂದರೆ ಅದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವುದು, ಇವೆಲ್ಲ ಗಿಳಿಪಾಠದಂತೆ ಬರುತ್ತವೆ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ವೀರನನ್ನು ಕೊಂದ ಶತ್ರುವಿಗೆ ಈ ಶಾಪವಿಲ್ಲ. ತುರುಗೊಳ್ಳಲು ಬಂದವನು, ಊರಿಗೆ ಬೆಂಕಿಯಿಟ್ಟವನು, ಪಕ್ಕದ ನಾಡಿನ ದಂಡನಾಯಕ, ಇವರಲ್ಲಿ ಯಾರನ್ನೂ ಶಾಸನ ನರಕಕ್ಕೆ ತಳ್ಳುವುದಿಲ್ಲ. ಎದುರಾಳಿಯ ಊರಿನಲ್ಲೂ ಹೀಗೆಯೇ ಕಲ್ಲು ನಿಲ್ಲುತ್ತದೆ, ಅವನ ಕಡೆಯ ಸತ್ತವರೂ ಅದೇ ಸುರಲೋಕಕ್ಕೆ ಹೋಗುತ್ತಾರೆ. ನರಕವೆಲ್ಲ ಮೀಸಲಾಗಿರುವುದು ಕೊಟ್ಟ ಭೂಮಿಯನ್ನು ಕಿತ್ತುಕೊಂಡವನಿಗೆ. ಭೂಮಿಯನ್ನು ತಾನೇ ಕೊಟ್ಟಿರಲಿ, ಬೇರೆಯವರು ಕೊಟ್ಟಿರಲಿ, ಕಿತ್ತವನಿಗೆ ಬಿಡುಗಡೆಯಿಲ್ಲ. ಕೊಟ್ಟ ಅರಸನ ಮೊಮ್ಮಗನನ್ನೂ ಈ ಮಾತು ಕಟ್ಟಿಹಾಕುತ್ತದೆ. ಹತ್ತನೆಯ ಶತಮಾನದ ಹಳ್ಳಿಯೊಂದರಲ್ಲಿ ಸತ್ತವನ ಹೆಂಡತಿ ಮಕ್ಕಳಿಗೆ ಬಂದ ಮಣ್ಣನ್ನು ನಾಡಗಾವುಂಡನೇ ನುಂಗಲು ಹೊರಟರೆ ತಡೆಯುವ ಬಲ ಬೇರೆ ಯಾವುದಿತ್ತು? ಅರಸ ದೂರ, ಅಧಿಕಾರಿ ನುಂಗಲು ಹೊರಟವನ ನಂಟ. ಹತ್ತಿರವಿದ್ದದ್ದು ಎಲ್ಲರೂ ನಂಬುವ ಪರಲೋಕ ಮಾತ್ರ. ಆದ್ದರಿಂದ ಪರಲೋಕವನ್ನೇ ಕಾವಲಿಗೆ ನಿಲ್ಲಿಸಿದರು. ಸ್ವರ್ಗ ಮತ್ತು ನರಕ ಇಲ್ಲಿ ಧರ್ಮಶಾಸ್ತ್ರದ ತತ್ತ್ವಗಳಾಗಿ ನಿಂತಿಲ್ಲ, ಪತ್ರದ ಷರತ್ತುಗಳಾಗಿ ದುಡಿಯುತ್ತಿವೆ.

ಇದಕ್ಕೆ ಬಲವಾದ ಆಕ್ಷೇಪಣೆಯೊಂದುಂಟು. ಸ್ವರ್ಗದ ಮಾತೆಲ್ಲ ಆಳುವವರು ಹೆಣೆದ ಬಲೆ. ಬಡವರ ಮನೆಯ ಗಂಡುಮಕ್ಕಳನ್ನು ಅಗ್ಗದ ಬೆಲೆಗೆ ಸಾವಿಗೆ ಕಳಿಸಲು ಅಪ್ಸರೆಯ ಆಮಿಷ, ಭೂಮಿಯೆಂಬುದು ಉಳಿದವರ ಬಾಯಿ ಮುಚ್ಚಿಸುವ ಪರಿಹಾರ. ಈ ಮಾತಿನಲ್ಲಿ ಹುರುಳಿದೆ, ಕೆಲವು ಕಲ್ಲುಗಳ ಮುಂದೆ ನಿಂತರಂತೂ ಒಪ್ಪದೆ ವಿಧಿಯಿಲ್ಲ. ದೊಡ್ಡಹುಂಡಿಯ ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ ಗಂಗ ನೀತಿಮಾರ್ಗ ಮರಣಶಯ್ಯೆಯಲ್ಲಿದ್ದಾನೆ. ಅವನ ಮನೆಯಾಳು ಅಗರಯ್ಯ ಒಡೆಯನಿಗೆ ಕೀಳ್ಗುಂಠೆಯಾದನೆಂದು ಬರಹ ಹೇಳುತ್ತದೆ. ಒಡೆಯನ ಹೆಣದ ಕೆಳಗೆ ತಾನೂ ಹೂಳಿಸಿಕೊಳ್ಳುವ ವಾಡಿಕೆ ಇದೆಂದು ವಿದ್ವಾಂಸರು ಅರ್ಥಮಾಡುತ್ತಾರೆ. ಹೊಯ್ಸಳರ ಕಾಲಕ್ಕೆ ಇದು ಗರುಡರೆಂಬ ಹೆಸರಿನಲ್ಲಿ ವ್ರತವೇ ಆಯಿತು. ಹಳೇಬೀಡಿನ ಕಂಬವೊಂದು ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವರ ಸಂಗಡಿಗರು 1220ರ ಸುಮಾರಿಗೆ ಪ್ರಾಣ ಕೊಟ್ಟದ್ದನ್ನು ಹೇಳುತ್ತದೆ. ತಮ್ಮ ಕತ್ತನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳ ಶಿಲ್ಪ ಕಂಬದ ಸುತ್ತ ಇದೆ. ಇಲ್ಲಿ ಊರನ್ನು ಕಾಯುವ ಮಾತಿಲ್ಲ, ತುರು ಮರಳಿಸುವ ಕೆಲಸವಿಲ್ಲ. ಅರಸ ರೋಗದಲ್ಲೋ ಮುಪ್ಪಿನಲ್ಲೋ ಸತ್ತರೂ ಆಳು ಸಾಯಬೇಕು. ಯಾರ ಋಣ ಯಾರಿಗೆ ಎಂಬ ಲೆಕ್ಕವೇ ಇಲ್ಲಿ ತಲೆಕೆಳಗಾಗಿದೆ: ಪ್ರಾಣ ಕೊಟ್ಟವನೇ ಸಾಲಗಾರ. ಇಂಥ ಕಲ್ಲುಗಳನ್ನು ನನ್ನ ವಾದದ ಮಗ್ಗುಲಿಗೆ ಎಳೆದುಕೊಳ್ಳಲು ನಾನು ಹೋಗುವುದಿಲ್ಲ.

ಆದರೆ ಕಲ್ಲುಗಳ ದೊಡ್ಡ ರಾಶಿ ಅರಮನೆಯದಲ್ಲ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ ತಮ್ಮ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಹರವಿಟ್ಟ ಸಾಮಗ್ರಿಯನ್ನು ನೋಡಿದರೆ, ಈ ಸಾವುಗಳ ಕಾರಣಗಳು ತೀರ ನೆಲಮಟ್ಟದವು. ದನಗಳನ್ನು ಅಟ್ಟಿಕೊಂಡು ಹೋಗುವುದು, ಊರಳಿವು, ಹೆಣ್ಣುಮಕ್ಕಳ ಮಾನಭಂಗ, ಗಡಿಯ ಜಗಳ, ಹುಲಿ, ಹಂದಿ. ತುರುಗೊಳ್ಳಲು ಬಂದವರ ಬೆನ್ನಟ್ಟಿ ಹೋಗಿ ದನಗಳನ್ನು ಮರಳಿಸಿ ಸತ್ತವನ ಕಲ್ಲನ್ನು ನೆಡಿಸಿದವರು ಅಣ್ಣನೋ ತಮ್ಮನೋ ಮಗನೋ ಊರ ಒಕ್ಕಲೋ. ಅಲ್ಲಿ ಯಾವ ಸಾಮ್ರಾಜ್ಯವೂ ಲಾಭ ಪಡೆಯಲಿಲ್ಲ. ಸಂಜೆ ಹಟ್ಟಿಗೆ ಹಾಲು ಬಂತು, ಅಷ್ಟೆ. ಆಮಿಷವೊಡ್ಡುವವನೇ ಇಲ್ಲದ ಕಡೆ ಆಮಿಷದ ಮಾತು ಏಕೆ ಬಂತು ಎಂದು ಆಕ್ಷೇಪಣೆ ಎತ್ತಿದವರು ವಿವರಿಸಬೇಕಾಗುತ್ತದೆ. ನನಗೆ ಕಾಣುವಂತೆ, ಸ್ವರ್ಗದ ಮಾತು ಅಲ್ಲಿ ಸಾಯಲಿರುವವನಿಗೆ ಹೇಳಿದ್ದಲ್ಲ, ಉಳಿದವರು ಆಮೇಲೆ ತಮಗೆ ತಾವೇ ಹೇಳಿಕೊಂಡದ್ದು. ದನ ಉಳಿಸಿಕೊಂಡವರ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ. ನಮ್ಮೆಲ್ಲರ ಪಾಲಿನ ಸಾವನ್ನು ಇವನೊಬ್ಬನೇ ಹೊತ್ತದ್ದು ಸರಿಯೇ? ಅದಕ್ಕೆ ಸರಿದೂಗುವ ಬೆಲೆ ಭೂಲೋಕದಲ್ಲಿ ಇಲ್ಲ ಎಂದು ಒಪ್ಪಿಕೊಳ್ಳುವ ಬಗೆಯೇ ಸ್ವರ್ಗ. ಬೆಲೆಯಿಲ್ಲವೆಂದು ಸುಮ್ಮನಿರದೆ ಒಂದಿಷ್ಟು ಗದ್ದೆಯನ್ನೂ ಬಿಟ್ಟದ್ದು ಆ ಒಪ್ಪಿಗೆಯ ಪ್ರಾಮಾಣಿಕತೆಯನ್ನು ತೋರಿಸುತ್ತದೆ.

ಇನ್ನೊಂದು ತೊಡಕೂ ಇದೆ, ಅದನ್ನು ಮುಚ್ಚಿಡಬಾರದು. ಬರಹವೇ ಇಲ್ಲದ ವೀರಗಲ್ಲುಗಳು ಲೆಕ್ಕವಿಲ್ಲದಷ್ಟಿವೆ; ಬರಹವಿದ್ದರೂ ಭೂಮಿಯ ಮಾತಿಲ್ಲದವೂ ಬೇಕಾದಷ್ಟಿವೆ. ಹೆಸರೂ ಉಳಿಯದವನ ಕಲ್ಲನ್ನು ಸಾಲದ ಪತ್ರವೆನ್ನುವುದು ಹೇಗೆ? ಅಲ್ಲಿ ನನ್ನ ಮಾತಿಗೆ ಅಷ್ಟು ಬಲವಿಲ್ಲ. ಆದರೂ ಕಲ್ಲು ಎಲ್ಲಿ ನಿಂತಿದೆಯೆಂಬುದನ್ನು ನೋಡಬಹುದು. ಕೆರೆಯ ಏರಿ, ಊರ ಬಾಗಿಲು, ದೇಗುಲದ ಅಂಗಳ, ಇವು ದಿನವೂ ಜನ ತುಳಿಯುವ ಜಾಗಗಳು. ಗುಟ್ಟಿನ ಶೋಕಕ್ಕೆ ಇಂಥ ಜಾಗ ಬೇಕಿಲ್ಲ. ಶಿಲ್ಪಿಗೆ ಕೂಲಿ ಕೊಟ್ಟು ಕಲ್ಲನ್ನು ಅಲ್ಲಿ ನಿಲ್ಲಿಸಿದ ಮನೆಯವರು ಊರಿನ ನೆನಪಿನಲ್ಲಿ ತಮ್ಮ ಪಾಲನ್ನು ಕೇಳುತ್ತಿದ್ದರು. ಅಕ್ಷರ ಓದಲಾರದ ಊರಿಗೆ ಅಪ್ಸರೆಯರ ಪಟ್ಟಿಕೆಯೇ ಬರಹ.

ಹಾಗಾದರೆ ದುಃಖ ಎಲ್ಲಿ? ಈ ಶಾಸನಗಳಲ್ಲಿ ಅಳು ಕೇಳಿಸುವುದಿಲ್ಲ, ಎಲ್ಲವೂ ಅಚ್ಚು ಹೊಯ್ದ ಮಾತು ಎಂಬ ದೂರು ನ್ಯಾಯವೇ. ಕಾದಿ ಸತ್ತ, ಸುರಲೋಕಪ್ರಾಪ್ತನಾದ, ಮುಗಿಯಿತು. ಆದರೆ ಅಚ್ಚಿನ ಮಾತು ಒಡೆಯುವ ಕಲ್ಲುಗಳೂ ಇವೆ, ಹೆಚ್ಚಾಗಿ ಅವು ಹೆಣ್ಣುಮಕ್ಕಳ ಸಾವಿನವು. ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯದು. ಅವಳ ಗಂಡ ನುಗುನಾಡಿನ ಏಚ ಮಲ್ಲಯುದ್ಧದಲ್ಲಿ ದಾಯಾದಿಯೊಬ್ಬನನ್ನು ಕೊಂದ. ಚೋಳ ಅರಸನ ಅಪ್ಪಣೆಯಂತೆ ತಲಕಾಡಿನಲ್ಲಿ ಅವನನ್ನು ಕೊಲ್ಲಿಸಲಾಯಿತು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹೊರಟಳು. ಮಲ್ಲನೆಂಬ ಕವಿ ಕಟ್ಟಿದ ಆ ಪದ್ಯಗಳಲ್ಲಿ ತಂದೆ ತಾಯಿ ಬಂಧುಗಳು ಅವಳ ಕಾಲಿಗೆ ಬಿದ್ದು ಬೇಡಿಕೊಳ್ಳುತ್ತಾರೆ, ತಡೆಯುತ್ತಾರೆ, ಅಳುತ್ತಾರೆ. ಹುಟ್ಟಿದ ಮನೆಗೂ ಹೊಕ್ಕ ಮನೆಗೂ ಕುಂದು ತರಲೇ ಎಂದು ಅವಳು ಮರುಮಾತಾಡುತ್ತಾಳೆ, ಇದ್ದದ್ದನ್ನೆಲ್ಲ ದಾನಕೊಟ್ಟು ನಡೆಯುತ್ತಾಳೆ. ಕವಿಯ ಉದ್ದೇಶ ಅವಳನ್ನು ಹೊಗಳುವುದು, ಅನುಮಾನವಿಲ್ಲ. ಆದರೆ ಬೇಡುವವರ ಮಾತಿಗೆ ಅವನು ಕೊಟ್ಟ ಜಾಗ ಹೊಗಳಿಕೆಗೆ ಬೇಕಾದದ್ದಕ್ಕಿಂತ ಹೆಚ್ಚು. ಸ್ವರ್ಗದ ಭರವಸೆ ಹೆತ್ತವರಿಗೆ ಸಾಕಾಗಲಿಲ್ಲ ಎಂಬುದನ್ನು ಅವನು ಬರೆಯದೆ ಬಿಡಲಿಲ್ಲ. ಇಲ್ಲಿ ಯಾವ ಋಣವೂ ತೀರಿಲ್ಲ. ಅರಸನ ನ್ಯಾಯ ಒಬ್ಬನನ್ನು ತಿಂದಿತು, ಮಾನದ ನ್ಯಾಯ ಇನ್ನೊಬ್ಬಳನ್ನು. ಹೀಗೆ ಸತಿಯಾದವರ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟು ಮೇಲೆದ್ದ ತೋಳನ್ನು ನೋಡಿ ಇಂದು ಕುಂಕುಮ ಹಚ್ಚುವವರೂ ಮುಖ ತಿರುಗಿಸುವವರೂ ಈ ಶಾಸನವನ್ನು ಓದಿದರೆ ಒಳ್ಳೆಯದು. ಗೌರವಿಸುವವರಿಗೆ ಅಲ್ಲಿ ಅಳುವ ತಾಯಿ ಕಾಣುತ್ತಾಳೆ, ಹಳಿಯುವವರಿಗೆ ತನ್ನ ಮಾತಿಗೆ ಗಟ್ಟಿಯಾಗಿ ನಿಂತ ಹೆಣ್ಣು.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಇನ್ನೊಂದು ದುಃಖ ಇದಕ್ಕಿಂತ ಮೆಲುದನಿಯದು. ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ನಾವಿರಲಾರೆವು ಎಂದು ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಅನ್ನ ಬಿಟ್ಟು ಪ್ರಾಣ ನೀಗಿದಳೆಂದು ಶಾಸನ ಹೇಳುತ್ತದೆ. ಜೈನ ಶಾಸ್ತ್ರದ ಪ್ರಕಾರ ಸಲ್ಲೇಖನ ರಾಗದ್ವೇಷಗಳನ್ನು ಕಳಚಿಕೊಂಡು ಮಾಡಬೇಕಾದದ್ದು, ಶೋಕದಿಂದ ಮಾಡುವುದಲ್ಲ. ಶಾಸನ ಮಾತ್ರ ಕಾರಣವನ್ನು ಮರೆಮಾಚಲಿಲ್ಲ. ಶಾಸ್ತ್ರದ ಚೌಕಟ್ಟಿನೊಳಗೆ ತಾಯಿಯ ಮಾತೊಂದು ಹಾಗೇ ಉಳಿದುಬಿಟ್ಟಿತು.

ಆ ಬೆಟ್ಟದ ಮೇಲಿನ ಮಿಕ್ಕ ಬರಹಗಳು ವೀರಗಲ್ಲಿನ ಇಡೀ ವ್ಯವಹಾರಕ್ಕೇ ಒಂದು ಎದುರುಮಾತು. ಸುಮಾರು ಕ್ರಿ.ಶ. 600ರ, ಪ್ರಭಾಚಂದ್ರನ ಹೆಸರಿರುವ ಶಾಸನದಿಂದ ಹಿಡಿದು ಮುಂದಿನ ಕೆಲವು ಶತಮಾನಗಳ ನಿಷಿಧಿಗಳೆಂಬ ಸ್ಮಾರಕಗಳವರೆಗೆ, ಬಂಡೆಯ ಮೇಲೆ ಕೊರೆದ ಸಾಲುಗಳಲ್ಲಿ ಮುನಿಗಳು, ಕಂತಿಯರೆಂಬ ಸನ್ಯಾಸಿನಿಯರು ಉಪವಾಸದಿಂದ ದೇಹ ಬಿಟ್ಟದ್ದು ದಾಖಲಾಗಿದೆ. ಸುಮಾರು 700ರ ನಂದಿಸೇನ ಮುನಿಯ ಪದ್ಯ ಅವುಗಳಲ್ಲಿ ಹೆಸರಾದದ್ದು. ಸಿರಿ, ಚೆಲುವು, ವೈಭವಗಳು ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಕರಗುವುವೆಂದು ಕಂಡು ಅವನು ಸನ್ಯಸನಗೈದು ಸುರಲೋಕಕ್ಕೆ ಹೋದನೆಂಬುದು ಅದರ ಸಾರ. ಇಲ್ಲಿಯೂ ಸುರಲೋಕವಿದೆ, ಆದರೆ ಕೂಲಿಯಾಗಿ ಅಲ್ಲ. ಯಾರೂ ಅವನ ಪ್ರಾಣವನ್ನು ಬಳಸಿಕೊಳ್ಳಲಿಲ್ಲ, ಯಾರ ಮೇಲೂ ಅವನ ಸಾಲ ನಿಲ್ಲಲಿಲ್ಲ. ಹಾಗಾಗಿ ಪದ್ಯದಲ್ಲಿ ಗದ್ದೆಯೂ ಇಲ್ಲ, ಶಾಪವೂ ಇಲ್ಲ. ಕಾಳಗ ಗೆದ್ದು ಗೆದ್ದು ಸಾಕಾದ ಗಂಗ ಮಾರಸಿಂಹ 974ರಲ್ಲಿ ಬಂಕಾಪುರದಲ್ಲಿ ಅಜಿತಸೇನರ ಬಳಿ ಉಪವಾಸ ಹಿಡಿದು ಸತ್ತಾಗ, ಅವನ ನೆನಪಿನ ಕಂಬದ ಮೇಲೆ ಕೊರೆದದ್ದರಲ್ಲಿ ಹೆಚ್ಚಿನದು ಅವನ ಗೆಲುವುಗಳ ಪಟ್ಟಿ. ಬಿಟ್ಟುಹೋದದ್ದನ್ನೆಲ್ಲ ಉಳಿದವರು ಮತ್ತೆ ಅವನ ಹೆಗಲಿಗೇರಿಸಿದರು. ನನ್ನ ವಾದಕ್ಕೆ ಈ ಬೆಟ್ಟದ ಬರಹಗಳು ಪೂರಕವೆಂದೇ ನನ್ನೆಣಿಕೆ: ಸ್ವರ್ಗದ ಮಾತಿನ ಜೊತೆ ಭೂಮಿಯ ಮಾತು ಬರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಧರ್ಮವಲ್ಲ, ಸಾವಿನಿಂದ ಯಾರಿಗೆ ಉಪಕಾರವಾಯಿತೆಂಬ ಲೆಕ್ಕ. ಆತಕೂರಿನ ನಾಯಿಗೆ ಸಿಕ್ಕ ಎರಡು ಖಂಡುಗ ನಂದಿಸೇನನಿಗೆ ಸಿಗಲಿಲ್ಲ, ಅವನಿಗೆ ಬೇಕಾಗಿಯೂ ಇರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ದೇವಲೋಕ ಮರ್ತ್ಯಲೋಕಗಳ ಗಡಿಯನ್ನು ಸತ್ತ ಮೇಲಿನಿಂದ ತೆಗೆದು ಬದುಕಿನ ನಡೆನುಡಿಗೆ ತಂದಿಟ್ಟರು. ಅದಾದ ಮೇಲೆ ವೀರಗಲ್ಲುಗಳು ನಿಂತುಹೋಗಬೇಕಿತ್ತೆಂದು ಯಾರಾದರೂ ಭಾವಿಸಬಹುದು. ನಿಲ್ಲಲಿಲ್ಲ. ಶರಣರ ನಾಡಿನಲ್ಲೇ, ವಿಜಯನಗರದ ಕಾಲದಲ್ಲೂ ಪಾಳೆಯಗಾರರ ಕಾಲದಲ್ಲೂ ಅಪ್ಸರೆಯರು ವೀರನನ್ನು ಕೈಲಾಸಕ್ಕೆ ಎತ್ತಿಕೊಂಡು ಹೋಗುತ್ತಲೇ ಇದ್ದರು, ನೆತ್ತರುಗೊಡಗೆಯ ಪತ್ರಗಳು ಹುಟ್ಟುತ್ತಲೇ ಇದ್ದವು. ವಚನ ಪ್ರಶ್ನಿಸಿದ್ದು ಪರಲೋಕದ ಆಸೆಯನ್ನು. ಕಲ್ಲನ್ನು ನಿಲ್ಲಿಸಿದ್ದು ಆ ಆಸೆ ಮಾತ್ರವಾಗಿದ್ದರೆ ಅದು ಅಲುಗಾಡುತ್ತಿತ್ತು. ತುರು ಕಳೆಯುವ ಭಯ, ಗಂಡಸು ಸತ್ತ ಮನೆಯ ಒಲೆ, ಕೊಟ್ಟ ಮಾತನ್ನು ಬಲಿಷ್ಠರು ನುಂಗುವ ಅನುಭವ, ಇವು ಬದಲಾಗುವವರೆಗೆ ಆ ಪತ್ರದ ಅಗತ್ಯವೂ ಬದಲಾಗಲಿಲ್ಲ.